ಸಂಪಾದಕರ ಉತ್ತರ: 641ರ ಗುಟ್ಟು

ಮಾನ್ಯರೆ,

429,49,67,297 ಎಂಬ ಸಂಖ್ಯೆ ಅವಿಭಾಜ್ಯವಲ್ಲ, ಅದು 641 ಮತ್ತು 67,00,417ರ ಗುಣಲಬ್ಧ ಎಂದು ಹಿಂದಿನ ಸಂಚಿಕೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೆವು. ಅದನ್ನು ತರಗತಿಯಲ್ಲಿ ಓದಿ ಹೇಳಿದಾಗ, ಯಂತ್ರಗಳಿಲ್ಲದ ಕಾಲದಲ್ಲಿ ಗಣಿತಜ್ಞ ಆಯ್ಲರ್ ನೂರಾರು ಭಾಗಾಕಾರಗಳನ್ನು ಮಾಡಿಯೇ 641ನ್ನು ಹಿಡಿದರೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳೆಂದು ಬರೆದಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ. ಉತ್ತರವೂ ಅಷ್ಟೇ ಸೊಗಸಾಗಿದೆ.

ಈ ಸಂಖ್ಯೆ 2³² + 1. 2ರ ಘಾತಾಂಕವನ್ನು 1, 2, 4, 8, 16, 32 ಎಂದು ಇಮ್ಮಡಿಸುತ್ತ ಹೋಗಿ 1ನ್ನು ಕೂಡಿಸಿದಾಗ ಬರುವ ಇಂತಹ ಸಂಖ್ಯೆಗಳೆಲ್ಲ ಅವಿಭಾಜ್ಯಗಳೇ ಇರಬೇಕೆಂದು ಗಣಿತಜ್ಞ ಫರ್ಮಾ 1640ರಲ್ಲಿ ಊಹಿಸಿದ್ದರು. ಪೂರ್ಣ ಸಾಧನೆ (ರುಜುವಾತು) ತಮಗೆ ದೊರೆತಿಲ್ಲವೆಂದೂ ಪತ್ರದಲ್ಲಿ ಒಪ್ಪಿಕೊಂಡಿದ್ದರು. 1729ರಲ್ಲಿ ಗಣಿತಜ್ಞ ಗೋಲ್ಡ್‌ಬಾಖ್ ಈ ಊಹೆಯನ್ನು ಆಯ್ಲರ್ ಅವರ ಗಮನಕ್ಕೆ ತಂದರು. 1732ರಲ್ಲಿ ಆಯ್ಲರ್ 641ನ್ನು ಮುಂದಿಟ್ಟರು, ಆದರೆ ಅದನ್ನು ಕಂಡ ದಾರಿಯನ್ನು ಅನಂತರದ ಪ್ರಬಂಧವೊಂದರಲ್ಲಿ ಮಾತ್ರ ವಿವರಿಸಿದರು.

ಆ ದಾರಿ ಹೀಗಿದೆ. p ಎಂಬ ಅವಿಭಾಜ್ಯವು 2³² + 1ನ್ನು ನಿಶ್ಶೇಷವಾಗಿ ಭಾಗಿಸುವುದಾದರೆ, pಯಿಂದ ಭಾಗಿಸಿದಾಗ 2³² ಎಂಬುದು −1ಕ್ಕೂ, ಅದರ ವರ್ಗವಾದ 2⁶⁴ ಎಂಬುದು 1ಕ್ಕೂ ಸಮನಾದ ಶೇಷವನ್ನು ಕೊಡುತ್ತವೆ. 64ಕ್ಕಿಂತ ಚಿಕ್ಕ ಯಾವ ಘಾತವೂ 1ನ್ನು ಶೇಷವಾಗಿ ಕೊಡಲಾರದು. ಇನ್ನು, 2ರ (p − 1)ನೆಯ ಘಾತವನ್ನು pಯಿಂದ ಭಾಗಿಸಿದರೂ ಶೇಷ 1 ಎಂದು ಒಂದು ಪ್ರಮೇಯ ಹೇಳುತ್ತದೆ. ಆದ್ದರಿಂದ p − 1 ಎಂಬುದು 64ರಿಂದ ಭಾಗವಾಗಲೇಬೇಕು. 641 ನೂರ ಹದಿನಾರನೆಯ ಅವಿಭಾಜ್ಯವಾದರೂ, ಈ ನಿಯಮಕ್ಕೆ ಒಳಪಡುವವು ಅದರವರೆಗೆ 193, 257, 449, 577, 641 ಎಂಬ ಐದು ಮಾತ್ರ. ಐದೇ ಭಾಗಾಕಾರಗಳು! ಈ ತರ್ಕಕ್ಕೆ ಆಧಾರವಾದ ಆ ಪ್ರಮೇಯವನ್ನು 1640ರಲ್ಲೇ ಹೇಳಿದವರು ಸ್ವತಃ ಫರ್ಮಾ. ತಮ್ಮದೇ ಸಾಧನವನ್ನು ತಮ್ಮ ಊಹೆಯ ಮೇಲೆ ಅವರು ಪ್ರಯೋಗಿಸಿ ನೋಡಲಿಲ್ಲವೇಕೆ ಎಂಬುದು ನಮ್ಮನ್ನು ಇಂದಿಗೂ ಕಾಡುತ್ತದೆ.

ಭಾಗಾಕಾರವನ್ನೇ ಮಾಡದೆ ಫಲವನ್ನು ಸಾಧಿಸುವ ಬಗೆಯೊಂದನ್ನು ಅನಂತರದವರು ಕಂಡುಕೊಂಡರು. ನಿಮ್ಮ ತರಗತಿಗೆ ಇದು ಇನ್ನೂ ಹಿಡಿಸೀತು. 641ನ್ನು 5⁴ + 2⁴ ಎಂದೂ, 5 × 2⁷ + 1 ಎಂದೂ ಬರೆಯಬಹುದು. ಮೊದಲ ರೂಪವನ್ನು 2²⁸ರಿಂದ ಗುಣಿಸಿದರೆ 5⁴ × 2²⁸ + 2³² ಬರುತ್ತದೆ. ಇದು 641ರಿಂದ ಭಾಗವಾಗುತ್ತದೆ. ಎರಡನೆಯ ರೂಪದಲ್ಲಿ 5 × 2⁷ನ್ನು x ಎಂದುಕೊಂಡರೆ, x⁴ − 1ನ್ನು x + 1 ಭಾಗಿಸುವುದರಿಂದ 5⁴ × 2²⁸ − 1 ಕೂಡ 641ರಿಂದ ಭಾಗವಾಗುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು 2³² + 1. ಹತ್ತಂಕಿಯ ಸಂಖ್ಯೆಯನ್ನು ಬಿಡಿಸಿ ಬರೆಯುವ ಅಗತ್ಯವೇ ಇಲ್ಲಿ ಬೀಳಲಿಲ್ಲ.

ಆ ವಿದ್ಯಾರ್ಥಿನಿಗೆ ಮುಂದಿನ ಸಂಖ್ಯೆಯಾದ 2⁶⁴ + 1ನ್ನೂ ಕೊಟ್ಟು ನೋಡಿ. ಇಪ್ಪತ್ತಂಕಿಯ ಈ ಸಂಖ್ಯೆಯನ್ನು 1880ರಲ್ಲಿ ಗಣಿತಜ್ಞ ಲಾಂದ್ರಿ ಅವರು ಒಡೆದರು. ಅದರ ಚಿಕ್ಕ ಅಪವರ್ತನ 2,74,177. ಅದರಿಂದ 1ನ್ನು ಕಳೆದು 128ರಿಂದ ಭಾಗಿಸಲು ಹೇಳಿ. ಶೇಷ ಉಳಿಯದೆ 2,142 ಬರುವುದೇಕೆ ಎಂಬುದನ್ನು ಮೇಲಿನ ತರ್ಕದಿಂದಲೇ ಅವಳು ವಿವರಿಸಬಲ್ಲಳು.

— ಸಂಪಾದಕರು