ಸಹಿ ಆಮೇಲೆ, ಮೊದಲು ತೊಂಬತ್ತು ಸೆಕೆಂಡು

ದಾವಣಗೆರೆಯಿಂದ ಒಬ್ಬ ಅಕ್ಕ ಬರೆದಿದ್ದಾರೆ. ವಯಸ್ಸು 27, ಲೆಕ್ಕ ಬರೆಯುವ ಕೆಲಸ, ಕೈಗೆ ಬರುವ ಸಂಬಳ 24,000. ಅಪ್ಪ ಇಲ್ಲ. ತಮ್ಮನಿಗೆ 20, ಬಿ.ಕಾಂ. ಎರಡನೇ ವರ್ಷ. ಅವನ ಓದು ಬಿಡಿಸಿ ಬೆಂಗಳೂರಿನ ಅನಿಮೇಷನ್-ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ದೃಶ್ಯಗಳನ್ನು ಮಾರ್ಪಡಿಸುವ ಕೆಲಸ) ಕೋರ್ಸಿಗೆ ಸೇರಿಸಬೇಕೆಂದು ಸೋದರಮಾವ ಹಟ ಹಿಡಿದಿದ್ದಾರೆ. ಫೀಸು 3.6 ಲಕ್ಷ, ಸಾಲ ಅಕ್ಕನ ಹೆಸರಲ್ಲಿ. ಹಿಂದೆಮುಂದೆ ನೋಡಿದ್ದಕ್ಕೆ ‘ನಿಮ್ಮಪ್ಪ ಇದ್ದಿದ್ರೆ ಎರಡು ಮಾತಾಡ್ದೆ ಕೊಡೋರು’ ಅಂದರಂತೆ. ‘ಸಹಿ ಹಾಕದಿದ್ದರೆ ತಮ್ಮನ ಬದುಕಿಗೆ ನಾನೇ ಕಲ್ಲು ಹಾಕಿದ ಹಾಗಾಗುತ್ತದಾ?’ ಎಂದು ಕೇಳಿದ್ದಾರೆ.

ಇಲ್ಲಮ್ಮ, ಆಗುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾಲದ ಮಾತಲ್ಲ. ಮೂರನೇ ಪುಟದಲ್ಲಿ, ತಮ್ಮನ ಮೇಲಿನ ದೂರುಗಳ ನಡುವೆ, ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: ‘ಸ್ಟುಡಿಯೋದವರ ಮದುವೆ ವಿಡಿಯೋ ಎಡಿಟ್ ಮಾಡ್ತಾನೆ, ಧಾರೆ ಹೊತ್ತಿನ ಮಂತ್ರ ಸರಿಯಾಗಿ ಕೇಳಿಸ್ತಿಲ್ಲ ಅಂತ ರಾತ್ರಿ ಎರಡರವರೆಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತಾನೆ, ಅದಕ್ಕೆ ಯಾರೂ ದುಡ್ಡು ಕೊಡಲ್ಲ.’

ಅವನು ಯಾಕೆ ಕೂತಿರುತ್ತಾನೆ ಗೊತ್ತೇ? ಕ್ಯಾಮೆರಾದ ಧ್ವನಿ ಮಟ್ಟ ಆಟೊ ಸೆಟ್ಟಿಂಗ್‌ನಲ್ಲಿದ್ದರೆ, ಗಟ್ಟಿಮೇಳ ಶುರುವಾದ ಕೂಡಲೇ ಅದು ತಾನೇ ಮಟ್ಟ ಇಳಿಸಿಕೊಳ್ಳುತ್ತದೆ. ವಾಲಗ ನಿಂತ ಮೇಲೂ ತಕ್ಷಣ ಮೇಲೇಳುವುದಿಲ್ಲ. ಪುರೋಹಿತರ ಮಂತ್ರ ಆ ಹಳ್ಳಕ್ಕೆ ಬಿದ್ದಿರುತ್ತದೆ. ಅದನ್ನು ಮೇಲೆತ್ತಿದರೆ ಜೊತೆಗೆ ಫ್ಯಾನು, ಜನರೇಟರು, ಊಟದ ಹಾಲ್‌ನ ಗದ್ದಲ ಎಲ್ಲ ಏಳುತ್ತವೆ. ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ ಸ್ವಲ್ಪ ಹೆಚ್ಚು ಎಳೆದರೂ ದನಿ ನೀರೊಳಗಿಂದ ಬಂದಂತಾಗುತ್ತದೆ. ಬೇರೆ ರೆಕಾರ್ಡರ್ ಇಟ್ಟಿದ್ದರೆ ಇನ್ನೊಂದು ತಲೆನೋವು: ಅದರ ಗಡಿಯಾರವೇ ಬೇರೆ, ಕ್ಯಾಮೆರಾದ ಗಡಿಯಾರವೇ ಬೇರೆ. ಒಂದು ಗಂಟೆ ಓಡುವಷ್ಟರಲ್ಲಿ ಕೆಲವು ಫ್ರೇಮು, ಅಂದರೆ ವಿಡಿಯೋದ ಬಿಡಿ ಚಿತ್ರಗಳು, ಹಿಂದುಮುಂದಾಗಿ ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ. ಮದುವೆ ವಿಡಿಯೋ ನೋಡುವ ನೂರು ಜನರಲ್ಲಿ ಎಷ್ಟು ಮಂದಿಗೆ ಇದು ಕೇಳಿಸೀತು? ನಿಮ್ಮ ತಮ್ಮನಿಗೆ ಕೇಳಿಸುತ್ತಿದೆ, ಕೇಳಿಸಿ ನಿದ್ದೆ ಬರುತ್ತಿಲ್ಲ.

ಅಂಥ ಹುಡುಗನನ್ನು ನಿಮ್ಮ ಮಾವ ಅನಿಮೇಷನ್‌ಗೆ ಅಟ್ಟಲು ಹೊರಟಿದ್ದಾರೆ. ಅವನು ಒಂದು ಚಿತ್ರ ಬರೆದ ಸುದ್ದಿ ನಿಮ್ಮ ಆರು ಪುಟಗಳಲ್ಲಿ ಎಲ್ಲೂ ಇಲ್ಲ. ಸರಿ, ಚಿತ್ರ ಬರೆಯಲು ಬಾರದವರಿಗೂ ವಿಎಫ್‌ಎಕ್ಸ್‌ನಲ್ಲಿ ಕೆಲಸವಿದೆ. ಹೊಸಬರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ರೋಟೊ: ನಟನ ಅಂಚನ್ನು ಫ್ರೇಮಿಂದ ಫ್ರೇಮಿಗೆ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸುವುದು. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮು. ಐದು ಸೆಕೆಂಡಿನ ಶಾಟಿಗೆ 120. ಒಳ್ಳೆಯ ಕೆಲಸವೇ, ತಾಳ್ಮೆಯಿದ್ದವರು ಅದರಿಂದ ಮೇಲೆ ಬಂದಿದ್ದಾರೆ. ಆದರೆ ಅದಕ್ಕೆ ಬೇಕಾದ್ದು ಕಣ್ಣು. ಇವನಿಗಿರುವುದು ಕಿವಿ. ಕೋರ್ಸಿನವರು ಮಾವನಿಗೆ ಪರಿಚಯ ಅಂತಲೂ ಬರೆದಿದ್ದೀರಿ. ಆ ಪರಿಚಯಕ್ಕೆ ಕಮಿಷನ್ ಇದೆಯೇ ಎಂದು ಕೇಳುವ ಹಕ್ಕು ಸಾಲ ತೀರಿಸುವವರಿಗಿದೆ. ಶೇ 14ರ ಬಡ್ಡಿಗೆ ಐದು ವರ್ಷವೆಂದರೆ ತಿಂಗಳಿಗೆ ಸುಮಾರು 8,400, ಒಟ್ಟು ಐದು ಲಕ್ಷ ದಾಟುತ್ತದೆ. ನಿಮ್ಮ ಸಂಬಳದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಅದರಲ್ಲಿ ಮಾವನ ಪಾಲೆಷ್ಟು? ತೀರಿಹೋದವರ ಬಾಯಲ್ಲಿ ಮಾತು ತುರುಕಿ ಬದುಕಿರುವವರ ಸಹಿ ಕೇಳುವುದು ನನಗೆ ಹಿಡಿಸುವುದಿಲ್ಲ.

ಸ್ಟುಡಿಯೋದವರಿಗೂ ಚೆನ್ನಾಗಿ ಬೈದಿದ್ದೀರಿ, ಮದುವೆಗೆ 500 ರೂಪಾಯಿ ಕೊಟ್ಟು ಹುಡುಗನನ್ನು ದುಡಿಸಿಕೊಳ್ಳುತ್ತಾರೆ ಅಂತ. ಕಡಿಮೆ ಹೌದು. ಆದರೂ 14 ಮದುವೆಗಳ ಕಚ್ಚಾ ವಿಡಿಯೋ, ಸದ್ದು, ಎಡವಟ್ಟು ಎಲ್ಲ ಅವನ ಕೈಗೆ ಕೊಟ್ಟವರು ಅವರೇ. ಅಷ್ಟು ಕೆಟ್ಟ ಆಡಿಯೋ ಯಾವ ತರಗತಿಯಲ್ಲೂ ಸಿಗುವುದಿಲ್ಲ, ಕಲಿಕೆ ಇರುವುದೇ ಅದರಲ್ಲಿ. ಹದಿನೈದನೇ ಮದುವೆಯಿಂದ ಧ್ವನಿ ಸರಿಪಡಿಸುವುದಕ್ಕೆ ಪ್ರತ್ಯೇಕ ದರ ಕೇಳಲಿ, ಸಾಕು.

ಈಗ ನಾನು ಹೇಳುವುದು ಒಂದೇ ಕೆಲಸ. ಸಾಲದ ಫಾರಂ ಬೀರುವಿನಲ್ಲಿಡಿ. ತಮ್ಮನಿಗೆ ಆರು ವಾರ ಕೊಟ್ಟು, ತೊಂಬತ್ತು ಸೆಕೆಂಡಿನ, ಪೂರ್ತಿ ಮುಗಿದ ಒಂದು ತುಣುಕು ಕೇಳಿ. ಮುಗಿದದ್ದು, ಅರ್ಧಂಬರ್ಧದ್ದಲ್ಲ. ಈ ಅಂಕಣ ಓದುವವರಿಗೆ ನನ್ನ ಈ ಹಟ ಹಳೆಯದು.

ಮದುವೆ ವಿಡಿಯೋ ಬೇಡ. ಅದು ಆ ಮನೆಯವರದು, ಅವರನ್ನು ಕೇಳದೆ ಇನ್ನೊಬ್ಬರಿಗೆ ತೋರಿಸುವಂತಿಲ್ಲ. ನಿಮ್ಮೂರಲ್ಲಿ ಬೆಣ್ಣೆ ದೋಸೆ ಹೋಟೆಲಿಗೆ ಬರವೇ? ಮಾಲೀಕರ ಒಪ್ಪಿಗೆ ಪಡೆದು ಬೆಳಿಗ್ಗೆ ಫೋನಿನಲ್ಲೇ ಚಿತ್ರೀಕರಿಸಲಿ. ಟ್ಯೂಬ್‌ಲೈಟ್ ಇದ್ದರೆ ಕ್ಯಾಮೆರಾದ ಶಟರ್ ವೇಗ 1/50 ಸೆಕೆಂಡಿಗೆ ಇಡಬೇಕು. ನಮ್ಮ ಕರೆಂಟು 50 ಹರ್ಟ್ಸ್, ತಪ್ಪಿದರೆ ಚಿತ್ರ ಮಿಣುಕುತ್ತದೆ. ಫೋನಿನ ವಿಡಿಯೋದಲ್ಲಿ ಫ್ರೇಮ್ ವೇಗ ಸಾಮಾನ್ಯವಾಗಿ ಒಂದೇ ಸಮ ಇರುವುದಿಲ್ಲ, ಹಾಗೇ ಎಡಿಟಿಗೆ ಹಾಕಿದರೆ ಸದ್ದು ಜಾರುತ್ತಾ ಹೋಗುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ರೇಟಿಗೆ ಬದಲಿಸಿಕೊಳ್ಳಲಿ.

ಆಮೇಲೆ ಅದರ ಸದ್ದನ್ನೆಲ್ಲ ಅಳಿಸಿಹಾಕಲಿ. ಪೂರ್ತಿ ಮೂಕ ಚಿತ್ರ. ಈಗ ಒಂದೊಂದೇ ಸದ್ದನ್ನು ಬೇರೆಯಾಗಿ ಹಿಡಿದು ತಂದು ಕೂರಿಸಬೇಕು. ಹೋಟೆಲಿನ ಒಳಗೆ, ಒಲೆಯ ಬಳಿ, ಬೀದಿಯಲ್ಲಿ, ತಲಾ ಎರಡು ನಿಮಿಷ ಸುಮ್ಮನೆ ನಿಂತು ಆ ಜಾಗದ ಸದ್ದನ್ನಷ್ಟೇ ಹಿಡಿಯಲಿ; ಇದಿಲ್ಲದಿದ್ದರೆ ಎರಡು ಸದ್ದುಗಳ ನಡುವೆ ಗುಂಡಿ ಬೀಳುತ್ತದೆ. ಹಿಟ್ಟು ಹರಡುವ ಸದ್ದು ಹೋಟೆಲಿನ ಗದ್ದಲದಲ್ಲಿ ಮೈಕಿಗೆ ಸಿಗದು. ಅದನ್ನು ರಾತ್ರಿ ಮನೆಯ ಕಾವಲಿಯ ಮೇಲೆ, ಒಂದು ಗೇಣು ದೂರದಿಂದ ಹಿಡಿಯಬೇಕು. ಬೆಣ್ಣೆ ಕರಗುವುದೂ ಹಾಗೆಯೇ. ಎಲ್ಲವನ್ನೂ ಒಂದೇ ದೂರದಿಂದ ಹಿಡಿದರೆ ಕಾವಲಿಯ ಚುರ್ ಸದ್ದು ಮಳೆಯಂತೆ ಕೇಳಿಸುತ್ತದೆ. ಹೊಸಬರು ಬಹಳ ಮಂದಿ ಎಡವುವುದು ಇಲ್ಲೇ.

ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಮೀಟರಿನಲ್ಲಿ ಜೋರು ಸದ್ದು ಮೈನಸ್ 12 ಡೆಸಿಬಲ್ ಸುತ್ತ ನಿಲ್ಲಲಿ. ಸೊನ್ನೆಗೆ ತಾಗಿ ಒಡೆದರೆ ಅದನ್ನು ಮೊದಲಿನಂತೆ ಮಾಡಲಾಗದು. ಜೋಡಿಸಲು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಧ್ವನಿಗೆಂದೇ ಇರುವ ಫೇರ್‌ಲೈಟ್ ಪುಟ ಧಾರಾಳವಾಗಿ ಸಾಕು. ಹೆಡ್‌ಫೋನ್ ತಂತಿಯದೇ ಇರಲಿ, ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬಂದು ತಾಳೆ ನೋಡುವುದೇ ಸುಳ್ಳಾಗುತ್ತದೆ. ನಿಮಗೆ ಖರ್ಚು ಮಾಡಲೇಬೇಕೆನಿಸಿದರೆ ಅವನಿಗೊಂದು ಚಿಕ್ಕ ಕೈ ರೆಕಾರ್ಡರ್ ಕೊಡಿಸಿ.

ಬಿ.ಕಾಂ. ಬಿಡಿಸಬೇಡಿ. ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಿನಿಮಾ ಸಂಸ್ಥೆ, ಎರಡರಲ್ಲೂ ಧ್ವನಿಯದೇ ಮೂರು ವರ್ಷದ ಸ್ನಾತಕೋತ್ತರ ಕೋರ್ಸಿದೆ. ಪದವಿಯಿಲ್ಲದೆ ಆ ಬಾಗಿಲು ತೆರೆಯದು. ಮಾವನಿಗೆ ದೊಡ್ಡ ಹೆಸರೇ ಬೇಕಾದರೆ, 2009ರಲ್ಲಿ ಧ್ವನಿ ಮಿಶ್ರಣಕ್ಕೆ ಆಸ್ಕರ್ ಪಡೆದ ರೆಸುಲ್ ಪೂಕುಟ್ಟಿ ಓದಿದ್ದು ಪುಣೆಯಲ್ಲೇ ಎಂದು ಹೇಳಿ.

ಹಾಂ, ರಾತ್ರಿ ಅಡುಗೆಮನೆಯಲ್ಲಿ ರೆಕಾರ್ಡ್ ಮಾಡುವಾಗ ಫ್ರಿಜ್ ಆರಿಸಬೇಕಾಗುತ್ತದೆ, ಅದರ ಗುಂಯ್ ಸದ್ದು ಎಲ್ಲದರಲ್ಲೂ ಸೇರಿಕೊಳ್ಳುತ್ತದೆ. ಮತ್ತೆ ಹಾಕುವುದನ್ನು ಮರೆತು ಹಾಲು ಒಡೆದರೆ ಬೈಗುಳ ನನಗೂ ಬರುತ್ತದೆ. ಆರಿಸುವಾಗ ಗಾಡಿ ಕೀ ಫ್ರಿಜ್ಜಿನೊಳಗೇ ಇಡಲು ಹೇಳಿ. ಬೆಳಿಗ್ಗೆ ಕೀ ಹುಡುಕುವಾಗ ನೆನಪಾಗುತ್ತದೆ.