ಸಿನಿಮಾ ಬಂದ ಮೇಲೆ ಆ ತಳಿಯ ನಾಯಿಗೆ ನಿಜವಾಗಿಯೂ ಬೇಡಿಕೆ ಏರುತ್ತದೆಯೇ?

ತಮ್ಮ ಪ್ರಶ್ನೆ ಇದು: ಮನೆಮಂದಿಯೆಲ್ಲ ಕೂಡಿ ‘777 ಚಾರ್ಲಿ’ ನೋಡಿದ ದಿನದಿಂದ ಮಗಳು ಲ್ಯಾಬ್ರಡಾರ್ ಮರಿಯೇ ಬೇಕೆಂದು ಹಟ ಹಿಡಿದಿದ್ದಾಳೆ, ಒಂದು ಸಿನಿಮಾದಿಂದ ಒಂದು ತಳಿಯ ಬೇಡಿಕೆ ಏರುವುದು ನಿಜವೇ, ಏರಿದರೆ ಆ ನಾಯಿಗಳಿಗೆ ಏನಾಗುತ್ತದೆ? ನಾನು ವಿಜಯಪುರ, ಜಮಖಂಡಿ ಮತ್ತು ಬೆಳಗಾವಿಯಲ್ಲಿ ಒಟ್ಟು ಮೂವತ್ತು ವರ್ಷ ಪಶುವೈದ್ಯನಾಗಿದ್ದು ಈಚೆಗೆ ನಿವೃತ್ತನಾದವನು. ನಮ್ಮ ಕಡೆ ಪಶು ಆಸ್ಪತ್ರೆಗೆ ‘ದನದ ದವಾಖಾನೆ’ ಎಂದೇ ಹೆಸರು. ಆ ದವಾಖಾನೆಯ ಅಂಗಳದಲ್ಲಿ ಎಮ್ಮೆ, ಎತ್ತು, ಆಡುಗಳ ನಡುವೆ ಯಾವ ತಳಿಯ ನಾಯಿಗಳು ಬಂದು ನಿಲ್ಲುತ್ತವೆ ಎಂಬುದನ್ನು ನೋಡಿದರೆ ಸಾಕಿತ್ತು, ಊರಿನ ಮಕ್ಕಳು ಆಗ ಏನು ನೋಡುತ್ತಿದ್ದಾರೆಂಬುದು ನನಗೆ ತಿಳಿಯುತ್ತಿತ್ತು.

ಬೇಡಿಕೆ ಏರುವುದು ನಿಜ. ಇದನ್ನು ಲೆಕ್ಕ ಹಾಕಿಯೂ ನೋಡಿದ್ದಾರೆ. ಸ್ಟೆಫಾನೊ ಗಿರ್ಲಾಂಡಾ, ಆಲ್ಬರ್ಟೊ ಅಚೆರ್ಬಿ ಮತ್ತು ಹೆರಾಲ್ಡ್ ಹೆರ್ಜಾಗ್ ಎಂಬ ಮೂವರು ಸಂಶೋಧಕರು ನಾಯಿ ಪಾತ್ರವಿರುವ 87 ಚಲನಚಿತ್ರಗಳನ್ನು ತಳಿ ನಾಯಿಗಳನ್ನು ದಾಖಲಿಸುವ ಅಮೆರಿಕನ್ ಕೆನಲ್ ಕ್ಲಬ್ಬಿನ ನೋಂದಣಿ ಪುಸ್ತಕಗಳ ಜೊತೆಗಿಟ್ಟು ತಾಳೆ ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಿತ್ರ ಬಿಡುಗಡೆಯಾದ ಮೇಲೆ ಅದರಲ್ಲಿ ಕಾಣಿಸಿದ ತಳಿಯ ಜನಪ್ರಿಯತೆ ಅನೇಕ ಸಲ ಏರಿದೆ ಮತ್ತು ಆ ಏರಿಕೆಯ ಪ್ರಭಾವ ಹತ್ತು ವರ್ಷಗಳವರೆಗೂ ಉಳಿದಿದೆ. 1943ರ ‘ಲ್ಯಾಸಿ ಕಮ್ ಹೋಮ್’ ಬಂದ ಎರಡು ವರ್ಷಗಳಲ್ಲಿ ಕೋಲಿ ನಾಯಿಗಳ ನೋಂದಣಿ ಶೇ. 40ರಷ್ಟು ಹೆಚ್ಚಿತು. 1959ರ ‘ದಿ ಶ್ಯಾಗಿ ಡಾಗ್’ ಬಳಿಕ, ಕಣ್ಣು ಮುಚ್ಚುವಷ್ಟು ಕೂದಲಿರುವ ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್ ನಾಯಿಗಳ ನೋಂದಣಿ ಹದಿನಾಲ್ಕು ವರ್ಷಗಳಲ್ಲಿ ನೂರು ಪಟ್ಟು ಬೆಳೆಯಿತು. ಮೊದಲ ವಾರಾಂತ್ಯದಲ್ಲಿ ಎಷ್ಟು ಹೆಚ್ಚು ಜನ ಚಿತ್ರ ನೋಡಿದರೋ ಪರಿಣಾಮವೂ ಅಷ್ಟು ದೊಡ್ಡದಾಗಿತ್ತು.

ಆದರೆ ಅದೇ ಅಧ್ಯಯನ ಇನ್ನೆರಡು ಮಾತುಗಳನ್ನೂ ಹೇಳುತ್ತದೆ. ಈ ಪ್ರಭಾವ ಕಳೆದ ಶತಮಾನದ ಮೊದಲ ಭಾಗದಲ್ಲಿ ಬಹಳ ಬಲವಾಗಿದ್ದು, ಬರಬರುತ್ತ ಕಡಿಮೆಯಾಗಿದೆ. ಎರಡನೆಯದಾಗಿ, ಚಿತ್ರ ತಯಾರಕರು ಈಗಾಗಲೇ ಏರುತ್ತಿರುವ ತಳಿಯನ್ನೇ ಅನೇಕ ಸಲ ಆರಿಸಿಕೊಳ್ಳುತ್ತಾರೆ. ಹಾಗಾಗಿ ಏರಿಕೆಯೆಲ್ಲ ಚಿತ್ರದಿಂದಲೇ ಆಯಿತೆಂದು ಹೇಳಲಾಗದು. ಲ್ಯಾಬ್ರಡಾರನ್ನೇ ತೆಗೆದುಕೊಳ್ಳಿ. 1991ರಿಂದ 2021ರವರೆಗೆ ಸತತ 31 ವರ್ಷ ಅದು ಅಮೆರಿಕದ ನೋಂದಣಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ನಮ್ಮಲ್ಲಿಯೂ ಚಾರ್ಲಿಗಿಂತ ಎಷ್ಟೋ ಮೊದಲೇ ಪೊಲೀಸ್ ಶ್ವಾನದಳದಿಂದ ಹಿಡಿದು ಬಡಾವಣೆಯ ಗೇಟುಗಳವರೆಗೆ ಅದು ಬೇರೂರಿತ್ತು.

ತಮ್ಮ ಪ್ರಶ್ನೆಯ ಎರಡನೆಯ ಭಾಗವೇ ನನಗೆ ಮುಖ್ಯ. ಬೇಡಿಕೆ ಒಂದು ಶುಕ್ರವಾರದಲ್ಲಿ ಹುಟ್ಟುತ್ತದೆ, ನಾಯಿಮರಿ ಹಾಗೆ ಹುಟ್ಟುವುದಿಲ್ಲ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಗರ್ಭ ಸುಮಾರು 63 ದಿನ, ಮರಿಗಳು ತಾಯಿಯನ್ನು ಬಿಟ್ಟಿರಲು ಕನಿಷ್ಠ ಎಂಟು ವಾರ ಬೇಕು. ಹುಟ್ಟಿದ ಹೆಣ್ಣು ಮರಿ ತಾನು ತಾಯಿಯಾಗುವಷ್ಟು ಬಲಿಯಲು ಮತ್ತೆ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಕೊಳ್ಳುವವರು ಬಾಗಿಲಿಗೆ ಬಂದು ನಿಂತಿರುವಾಗ ಇಷ್ಟು ದಿನ ಕಾಯುವ ತಾಳ್ಮೆ ಎಲ್ಲ ಸಾಕಣೆದಾರರಿಗೂ ಇರುವುದಿಲ್ಲ. ಮೊದಲ ಬೆದೆಗೇ ಕ್ರಾಸ್ ಮಾಡಿಸುತ್ತಾರೆ. ಬೇರೆ ಗಂಡು ಸಿಗದಿದ್ದರೆ ಅಣ್ಣನೊಂದಿಗೆ ತಂಗಿಯನ್ನು, ತಂದೆಯೊಂದಿಗೆ ಮಗಳನ್ನು ಕೂಡಿಸುತ್ತಾರೆ. ಒಂದು ಸೂಲಿನ ದಣಿವು ಆರುವ ಮೊದಲೇ ಇನ್ನೊಂದು ಸೂಲು. ಮೂವತ್ತು ದಿನದ ಮರಿಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಕಳಿಸುವುದು. ಅಂತಹ ಮರಿಗಳು ಮೂರನೆಯ ದಿನ ರಕ್ತಭೇದಿಯಾಗಿ ನನ್ನ ಮೇಜಿನ ಮೇಲೆ ಬರುತ್ತಿದ್ದವು. ಕೈಯಲ್ಲಿ ಎತ್ತಿಕೊಂಡರೆ ಒದ್ದೆ ಬಟ್ಟೆಯಷ್ಟೇ ಭಾರ.

ಡಾಲ್ಮೇಶಿಯನ್ನಿನ ಕಥೆಯಲ್ಲಿ ಇದೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಆ ಚುಕ್ಕೆ ನಾಯಿಗಳ ಕಾರ್ಟೂನ್ ಚಿತ್ರ ‘ವನ್ ಹಂಡ್ರೆಡ್ ಅಂಡ್ ವನ್ ಡಾಲ್ಮೇಶಿಯನ್ಸ್’ ಮೊದಲು ಬಂದದ್ದು 1961ರಲ್ಲಿ. 1985ರಲ್ಲಿ ಅದನ್ನು ಮತ್ತೆ ಬಿಡುಗಡೆ ಮಾಡಿದ ಬಳಿಕ ಅಮೆರಿಕದಲ್ಲಿ ವಾರ್ಷಿಕ ನೋಂದಣಿ 8,170ರಿಂದ 42,816ಕ್ಕೆ ಏರಿತು, ಮತ್ತು ಅಷ್ಟೇ ವೇಗವಾಗಿ ಕುಸಿಯಿತು. ಈ ತಳಿಯಲ್ಲಿ ಹುಟ್ಟು ಕಿವುಡು ಬಹಳ. ಮೈಗೆ ಬಿಳಿ ಬಣ್ಣ ಕೊಡುವ ವಂಶವಾಹಿಯ ಕಾರಣದಿಂದ ಒಳಗಿವಿಯಲ್ಲಿ ಇರಬೇಕಾದ ಬಣ್ಣದ ಕೋಶಗಳು ಕೆಲವು ಮರಿಗಳಲ್ಲಿ ಇರುವುದಿಲ್ಲ, ಅಂತಹವು ಹುಟ್ಟಿದ ಕೆಲವೇ ವಾರಗಳಲ್ಲಿ ಕೇಳುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಅಮೆರಿಕದಲ್ಲಿ ಪರೀಕ್ಷಿಸಿದವುಗಳಲ್ಲಿ ಸುಮಾರು ಶೇ. 30ರಷ್ಟಕ್ಕೆ ಒಂದು ಕಿವಿ ಇಲ್ಲವೇ ಎರಡೂ ಕಿವಿ ಕೇಳುತ್ತಿರಲಿಲ್ಲ.

1998ರ ಸುಮಾರಿಗೆ ಬೆಳಗಾವಿಯಲ್ಲಿ ಅಂತಹದೊಂದು ಮರಿಯನ್ನು ತಂದಿದ್ದರು. ಮನೆಯ ಹುಡುಗಿ ಕೇಬಲ್ ಟಿವಿಯಲ್ಲಿ ಆ ಚಿತ್ರ ನೋಡಿ ಬೇಡಿದ್ದಳು, ತಂದೆ ಮುಂಬೈಯಿಂದ ತರಿಸಿದ್ದರು. “ಡಾಕ್ಟರ್ ಸಾಹೇಬ್ರ, ಈ ಕುನ್ನಿ ಹೇಳಿದ ಮಾತು ಕೇಳೂದಿಲ್ರೀ, ಬಡಿದ್ರೂ ಬುದ್ಧಿ ಬರವಲ್ದು” ಎಂಬುದು ಅವರ ದೂರು. ಮರಿ ಮೇಜಿನ ಮೇಲೆ ಹುಡುಗಿಯ ಕಡೆ ಮುಖ ಮಾಡಿ ಕುಳಿತಿತ್ತು. ನಾನು ಅದರ ಬೆನ್ನ ಹಿಂದೆ, ನೆರಳೂ ಬೀಳದಷ್ಟು ದೂರ ನಿಂತು, ಒಂದು ಸ್ಟೀಲ್ ತಾಟನ್ನು ಚಮಚೆಯಿಂದ ಬಾರಿಸಿದೆ. ಹುಡುಗಿ ಬೆಚ್ಚಿದಳು, ಹೊರಗೆ ಕಟ್ಟಿದ್ದ ಎಮ್ಮೆ ಕಿವಿ ನಿಮಿರಿಸಿತು, ಮರಿ ಮಾತ್ರ ಹುಡುಗಿಯ ಮುಖವನ್ನೇ ನೋಡುತ್ತ ಬಾಲ ಆಡಿಸುತ್ತಿತ್ತು. ಎರಡು ತಿಂಗಳಿಂದ ತಾವು ಬಡಿದದ್ದು ಕಿವುಡ ಮರಿಯನ್ನೆಂದು ಆ ತಂದೆಗೆ ಗೊತ್ತಾದಾಗ ಅವರ ಕಣ್ಣು ತುಂಬಿದ್ದು ನನಗೆ ಇನ್ನೂ ನೆನಪಿದೆ. ಅವರು ಅದನ್ನು ಬಿಟ್ಟುಬಿಡಲಿಲ್ಲ. ಕೈಸನ್ನೆಯಿಂದ, ಹಲಗೆಯ ನೆಲವನ್ನು ಕಾಲಿನಿಂದ ಕುಟ್ಟಿ ಕರೆಯಲು ಹುಡುಗಿ ತಾನೇ ಕಲಿತಳು. ಎಲ್ಲ ಮನೆಗಳೂ ಹಾಗಿರುವುದಿಲ್ಲ.

ಚಿತ್ರವೇ ಆಗಬೇಕೆಂದೂ ಇಲ್ಲ. 2003ರಲ್ಲಿ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆಯೇ ನಡೆಯುವ ಪಗ್ ಕಾಣಿಸಿಕೊಂಡ ಬಳಿಕ ದೇಶದಲ್ಲೆಲ್ಲ ಆ ತಳಿಗೆ ಬೇಡಿಕೆ ಬಂತು. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರಿ ತಣಿಯುವ ಉಪಾಯವಿಲ್ಲ, ಅದು ತೇಕುತ್ತಲೇ ಮೈ ತಣಿಸಿಕೊಳ್ಳಬೇಕು. ಮೂಗು ಚಪ್ಪಟೆಯಾಗಿ ಹೊಳ್ಳೆ ಕಿರಿದಾಗಿರುವ ಪಗ್ಗಿಗೆ ತೇಕುವುದೇ ಕಷ್ಟ. ವಿಜಯಪುರದ ಮೇ ತಿಂಗಳು ಹೇಗಿರುತ್ತದೆಂದು ತಮಗೆ ಗೊತ್ತು. ಮಧ್ಯಾಹ್ನ ಎರಡು ಗಂಟೆಗೆ ಒದ್ದೆ ಟವೆಲಿನಲ್ಲಿ ಸುತ್ತಿ ಬೈಕಿನ ಮೇಲೆ ತಂದ ಪಗ್ಗಿನ ನಾಲಿಗೆ ನೀಲಿಯಾಗಿತ್ತು. ನೀರು, ಫ್ಯಾನು, ಸಲೈನು ಎಲ್ಲ ಮಾಡಿದೆವು, ಅದು ಉಳಿಯಲಿಲ್ಲ. ಜನಪ್ರಿಯ ತಳಿಗಳು ಹೆಚ್ಚು ಆರೋಗ್ಯವಂತವೂ ಅಲ್ಲ, ಹೆಚ್ಚು ಕಾಲ ಬದುಕುವಂತಹವೂ ಅಲ್ಲ ಎಂದು ಅದೇ ಸಂಶೋಧಕರು 2013ರ ಇನ್ನೊಂದು ಅಧ್ಯಯನದಲ್ಲಿ ಕಂಡುಕೊಂಡಿದ್ದಾರೆ. ಕಣ್ಣಿಗೆ ಹಿಡಿಸಿದ ನಾಯಿಯನ್ನು ಜನ ಕೊಳ್ಳುತ್ತಾರೆ, ಅದರ ಉಸಿರಾಟದ ಬಗ್ಗೆ ಯಾರೂ ವಿಚಾರಿಸುವುದಿಲ್ಲ.

‘777 ಚಾರ್ಲಿ’ ವಿಷಯಕ್ಕೆ ಬಂದರೆ, 2022ರ ಜೂನ್ 10ರಂದು ತೆರೆಕಂಡ ಆ ಚಿತ್ರದ ಮೇಲೆ ನನಗೆ ಗೌರವವಿದೆ. ಅಕ್ರಮ ಸಾಕಣೆಗಾರನ ಕೈಯಿಂದ ತಪ್ಪಿಸಿಕೊಂಡು ಬಂದ ನಾಯಿ ಚಾರ್ಲಿ. ಒಂದೇ ರಕ್ತದ ನಾಯಿಗಳನ್ನು ಕೂಡಿಸಿದ್ದರ ಫಲವನ್ನು ಅದು ತನ್ನ ಮೈಯಲ್ಲಿ ಉಣ್ಣುತ್ತದೆ. ನಾನು ಮೇಲೆ ಬರೆದದ್ದನ್ನೇ ಆ ಚಿತ್ರ ಕಥೆಯಾಗಿ ಹೇಳಿದೆ. ಆದರೂ ಆ ವರ್ಷದ ಮಳೆಗಾಲದಲ್ಲಿ ನನ್ನ ಬಳಿ ಬಂದವರಲ್ಲಿ ಅನೇಕರು “ಚಾರ್ಲಿಯಂತಹದ್ದೇ ಎಲ್ಲಿ ಸಿಗುತ್ತದೆ” ಎಂದು ಕೇಳಿದರೇ ಹೊರತು, ಚಾರ್ಲಿ ಎಲ್ಲಿಂದ ಓಡಿಬಂತು ಎಂಬುದನ್ನು ನೆನೆಯಲಿಲ್ಲ. ಅವರ ಮನಸ್ಸಿನಲ್ಲಿ ಉಳಿದದ್ದು ಆ ಮುಖ.

ನಮ್ಮದೇ ಮುಧೋಳ ನಾಯಿಗೆ ದೊಡ್ಡ ಸಿನಿಮಾ ಬೇಕಾಗಲಿಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆ ತರಬೇತಿಗೆಂದು ಮರಿಗಳನ್ನು ಮೇರಠ್‌ಗೆ ಒಯ್ದಿತು, 2020ರ ಆಗಸ್ಟ್‌ನಲ್ಲಿ ಪ್ರಧಾನಿ ಆಕಾಶವಾಣಿಯ ‘ಮನ್ ಕಿ ಬಾತ್’ನಲ್ಲಿ ಹೆಸರಿಸಿದರು. ದೂರದ ಊರುಗಳ ಫೋನು ಬರತೊಡಗಿತು. ಇದು ನನಗೆ ಹೆಮ್ಮೆಯ ಮಾತು, ಚಿಂತೆಯ ಮಾತೂ ಹೌದು. ಎರೆಹೊಲದಲ್ಲಿ ಮೊಲವನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟಲೆಂದು ತಲೆತಲಾಂತರದಿಂದ ಬೆಳೆಸಿದ ನಾಯಿ ಅದು. ಎರಡನೆಯ ಮಹಡಿಯ ಫ್ಲಾಟಿನಲ್ಲಿ ಕಟ್ಟಿಹಾಕಿದ ಒಂದು ಮುಧೋಳ ತನ್ನ ಮುಂಗಾಲನ್ನು ಗಾಯವಾಗುವಷ್ಟು ನೆಕ್ಕಿಕೊಂಡಿತ್ತು. ಲೋಕಾಪುರದ ಹತ್ತಿರದ ಹೊಲಕ್ಕೆ ಕಳಿಸಿದ ಮೇಲೆ ಯಾವ ಮುಲಾಮೂ ಇಲ್ಲದೆ ಆ ಗಾಯ ಮಾಯಿತು.

ಮಗಳ ಆಸೆಯನ್ನು ಮುರಿಯಬೇಕೆಂದು ನಾನು ಹೇಳುವುದಿಲ್ಲ. ಲ್ಯಾಬ್ರಡಾರ್ ಮಕ್ಕಳೊಂದಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹೊಟ್ಟೆ ತುಂಬಿತೆಂಬ ಅರಿವನ್ನೇ ಕುಂದಿಸುವ ವಂಶವಾಹಿ ದೋಷವಿರುತ್ತದೆ, ಆದ್ದರಿಂದ ಅಳತೆ ಮಾಡಿಯೇ ಹಾಕಬೇಕು, ದಿನಕ್ಕೆರಡು ಸಲ ನಡೆಸಬೇಕು. ಕೊಳ್ಳುವುದಾದರೆ 2017ರ ಶ್ವಾನ ಸಾಕಣೆ ನಿಯಮಗಳಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡವರಲ್ಲಿಯೇ ಕೊಳ್ಳಿ, ಮರಿ ಹುಟ್ಟಿದ ತಾರೀಖು ಕೇಳಿ 56 ದಿನ ಎಣಿಸಿ. ಮಗಳನ್ನೂ ಕರೆದುಕೊಂಡು ಹೋಗಿ, ಮರಿಗಿಂತ ಮೊದಲು ಅದರ ತಾಯಿಯನ್ನು ತೋರಿಸಿರೆಂದು ಕೇಳಿ. ತಾಯಿ “ಬೇರೆ ಊರಿನಲ್ಲಿದೆ” ಎಂಬ ಉತ್ತರ ಬಂದರೆ ಅಲ್ಲಿಂದ ಬರಿಗೈಯಲ್ಲಿ ಹಿಂತಿರುಗಿ, ದಾರಿಯಲ್ಲಿ ಅವಳಿಗೆ ಚಾರ್ಲಿಯ ಮೊದಲ ಮನೆಯನ್ನು ನೆನಪು ಮಾಡಿಕೊಡಿ.