ಬಡ್ಡಿ ವ್ಯಾಪಾರವೇ ಯಾಕೆ?

ಪ್ರಶ್ನೆ: ಯಹೂದಿಗಳು ಎಲ್ಲೇ ಹೋದರೂ ಬಡ್ಡಿ ವ್ಯಾಪಾರವನ್ನೇ ಹಿಡಿದರು. ಜನಕ್ಕೆ ಅವರ ಮೇಲೆ ಸಿಟ್ಟು ಬಂದದ್ದರಲ್ಲಿ ತಪ್ಪೇನು?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರು: ಅವರು ಹಿಡಿದರೋ, ಅವರ ಕೈಗೆ ಹಿಡಿಸಿದರೋ? ಇಟಲಿಯ ವೆನಿಸ್ ನಗರದ ಕಥೆ ಕೇಳಿ. 1516ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಯಹೂದಿಗಳನ್ನೆಲ್ಲ ಒಂದು ಪುಟ್ಟ ದ್ವೀಪಕ್ಕೆ ಸಾಗಿಸಿತು. ಹಿಂದೆ ಅದು ತಾಮ್ರದ ಕುಲುಮೆಗಳಿದ್ದ ಜಾಗ. ಕುಲುಮೆಗೆ ಆ ಊರ ಮಾತಿನಲ್ಲಿ ‘ಗೆತೊ’. ಒಂದು ಸಮುದಾಯವನ್ನು ಕೂಡಿಹಾಕಿದ ಕೇರಿಗೆ ‘ಘೆಟ್ಟೊ’ ಅನ್ನುವ ಪದ ಅದರಿಂದಲೇ ಬಂತು ಅಂತ ಹೆಚ್ಚಿನವರು ಒಪ್ಪುತ್ತಾರೆ. ರಾತ್ರಿಯಾದರೆ ಬಾಗಿಲಿಗೆ ಬೀಗ. ಸುತ್ತಲಿನ ಕಾಲುವೆಯಲ್ಲಿ ದೋಣಿ ಕಾವಲು. ಕಾವಲಿನವರ ಸಂಬಳ ಕೊಡಬೇಕಾದವರು ಒಳಗಿದ್ದವರೇ! ವೈದ್ಯರಿಗೆ ಮಾತ್ರ ರಾತ್ರಿಯೂ ವಿನಾಯಿತಿ ಇತ್ತು. ಹೊರಗಿನವರಿಗೂ ಕಾಯಿಲೆ ಬರುತ್ತದೆ, ಅಲ್ವಾ? ಜಾಗ ಸಾಲದೆ ಮನೆ ಮೇಲೆ ಮನೆ ಎದ್ದವು. ತಗ್ಗು ಚಾವಣಿಯ ಆ ಎತ್ತರದ ಕಟ್ಟಡಗಳು ಈಗಲೂ ಇವೆ.

ಇನ್ನು ಕಸುಬು. ಆಸ್ತಿ ಕೊಳ್ಳುವಂತಿಲ್ಲ. ಕಸುಬುದಾರರ ಸಂಘಗಳು ಸೇರಿಸಿಕೊಳ್ಳುವುದಿಲ್ಲ. ಉಳಿದದ್ದು ಹಳೆಬಟ್ಟೆ ವ್ಯಾಪಾರ, ವೈದ್ಯ, ಗಿರವಿ ಅಂಗಡಿ. ಕ್ರೈಸ್ತರು ಬಡ್ಡಿ ತಿನ್ನುವುದು ಪಾಪ ಅಂತ ಚರ್ಚು ಹೇಳಿತ್ತು. ಬಡವರಿಗೆ ಸಾಲವಂತೂ ಬೇಕೇ ಬೇಕು. ಹಾಗಾಗಿ, ಊರಲ್ಲಿರಬೇಕಾದರೆ ಗಿರವಿ ಅಂಗಡಿ ನಡೆಸಿ ಅಂತ ಸರ್ಕಾರವೇ ಷರತ್ತು ಹಾಕಿತು. ಬಡ್ಡಿ ದರವನ್ನೂ ಅದೇ ಗೊತ್ತುಮಾಡುತ್ತಿತ್ತು: 1573ರಿಂದ ನೂರಕ್ಕೆ 5. ನಷ್ಟವಾದರೆ ಸಮುದಾಯವೇ ತುಂಬಬೇಕು. ಸಾಲಗಾರನ ಸಿಟ್ಟು ಮಾತ್ರ ಗಲ್ಲಾದ ಹಿಂದೆ ಕೂತವನ ಮೇಲೆ. ಷರತ್ತು ಬರೆದವರು ಅವನ ಕಣ್ಣಿಗೆ ಬೀಳುವುದಿಲ್ಲವಲ್ಲ!

‘ಎಲ್ಲೇ ಹೋದರೂ’ ಅಂದಿರಿ. ಹಾಗಾದರೆ ಘಟ್ಟ ಇಳಿದು ಮಂಗಳೂರಿಗೆ ಬನ್ನಿ. 12ನೇ ಶತಮಾನದಲ್ಲಿ ಟುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಅಲ್ಲಿದ್ದ. ಅವನಿಗೆ ಬಂದ ಪತ್ರಗಳು ಈಜಿಪ್ಟಿನ ಕೈರೋದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಹಳೇ ಕಾಗದದ ರಾಶಿಯಲ್ಲಿ ಸಿಕ್ಕಿವೆ. ಮೆಣಸು, ಕಬ್ಬಿಣ, ಅಡಿಕೆ (ಹೌದು, ಅಡಿಕೆ!) ಅವನ ವ್ಯಾಪಾರ. ಜೊತೆಗೆ ಈ ಕರಾವಳಿಯಲ್ಲೇ ಕಂಚಿನ ಕಾರ್ಖಾನೆ. ಅರಬ್ ಕರಾವಳಿಯ ಏಡನ್ ಬಂದರಿನ ಗೆಳೆಯರು ತಾಮ್ರವನ್ನೂ ಒಡಕು ಪಾತ್ರೆಗಳನ್ನೂ ಹಡಗಿಗೆ ಹಾಕಿ, ಇಂಥ ಆಕಾರದ ದೀಪ ಬೇಕು, ಬೋಗುಣಿ ಬೇಕು ಅಂತ ಬರೆಯುತ್ತಿದ್ದರು. ಅವನು ಇಲ್ಲಿ ಎರಕ ಹೊಯ್ಯಿಸಿ ಕಳಿಸುತ್ತಿದ್ದ.

ವೆನಿಸ್‌ನ ಬಾಗಿಲುಗಳನ್ನು 1797ರಲ್ಲಿ ನೆಪೋಲಿಯನ್ನನ ಸೈನ್ಯ ಬಂದ ಮೇಲೆ ಕಿತ್ತರು. ಅಲ್ಲಿಯವರೆಗೆ, 281 ವರ್ಷ, ಬೀಗ ಇತ್ತು.